ಧೂಳಿನ ದೂರು: ಬರೆಯುವ ಮುನ್ನ ವಾರಸುದಾರನನ್ನು ಹುಡುಕಿ

ಬಳ್ಳಾರಿಯಲ್ಲಿ ಧೂಳನ್ನು ಬೈಯದವರಿಲ್ಲ, ದೂರು ಬರೆಯಲು ಬಲ್ಲವರು ಕಡಿಮೆ. ಕಳೆದ ಬೇಸಿಗೆಯಲ್ಲಿ ನಮ್ಮ ಓಣಿಯವರು ‘ವಾಯುಮಾಲಿನ್ಯ ವಿಪರೀತವಾಗಿದೆ, ಕೂಡಲೇ ಕ್ರಮ ಕೈಗೊಳ್ಳಿ’ ಎಂದು ಒಂದೇ ಸಾಲು ಗೀಚಿ, ಸಹಿಗಳನ್ನು ಹಾಕಿಸಿ, ಕಂಡ ಕಚೇರಿಗೆಲ್ಲ ಹಂಚಿ ಬಂದರು. ಪ್ರತಿ ಕಚೇರಿಯೂ ಅದನ್ನು ಪಕ್ಕದ ಕಚೇರಿಗೆ ಸಾಗಹಾಕಿತು.

ಮೊದಲು, ಧೂಳು ಯಾರ ಪಾಲಿನದು ನೋಡಿ. ರಸ್ತೆಯ ಮಣ್ಣು, ಕಸಕ್ಕಿಟ್ಟ ಬೆಂಕಿ, ಬೀದಿಗೆ ಸುರಿದ ಮರಳು ಮಹಾನಗರ ಪಾಲಿಕೆಯವು. ಕಾರ್ಖಾನೆಯ ಚಿಮಣಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದು. 1981ರ ವಾಯು ಕಾಯ್ದೆಯ ಅಧಿಕಾರ ಇರುವುದು ಅದಕ್ಕೆ. ಹೊಗೆ ಉಗುಳುವ ಲಾರಿಗೆ ಸಾರಿಗೆ ಕಚೇರಿ.

ಎರಡನೆಯದು ದಾಖಲೆ. ಎಲ್ಲರೂ ಎಡವುವುದು ಇಲ್ಲಿಯೇ. ಏಳು ದಿನ ಒಂದು ನೋಟ್‌ಬುಕ್ ಇಡಿ. ‘ರಾತ್ರಿ ತುಂಬಾ ಹೊಗೆ’ ಎಂದು ಬರೆದರೆ ಅದು ಗೊಣಗಾಟ. ‘ರಾತ್ರಿ 10.40, ಕಸದ ತೊಟ್ಟಿಯ ಪಕ್ಕ ಪ್ಲಾಸ್ಟಿಕ್‌ಗೆ ಬೆಂಕಿ, ಗಾಳಿ ಪಶ್ಚಿಮದಿಂದ, 11.30ಕ್ಕೂ ಆರಿರಲಿಲ್ಲ’ ಎಂದು ಬರೆದರೆ ಅದು ದೂರು. ಗಾಳಿಯ ದಿಕ್ಕಿಗೆ ಹಗ್ಗದ ಮೇಲಿನ ಟವೆಲ್ ಸಾಕು. ರಾತ್ರಿ ಮಾಳಿಗೆಯ ಮೇಲೆ ಒಣ ಸ್ಟೀಲ್ ತಾಟು ಇಟ್ಟು, ಬೆಳಿಗ್ಗೆ ಕುಳಿತ ಧೂಳಿನ ಮೇಲೆ ಕಾಗದ ಸುತ್ತಿದ ಅಯಸ್ಕಾಂತ ಆಡಿಸಿ. ಕಪ್ಪು ಕಣಗಳು ಮುಳ್ಳಿನಂತೆ ನಿಮಿರಿ ಅಂಟಿದರೆ ಸ್ಪಾಂಜ್ ಐರನ್‌ನಂಥ (ಅದಿರನ್ನು ಕರಗಿಸದೆ ಕಾರ್ಖಾನೆಯಲ್ಲಿ ತಯಾರಿಸುವ ಕಬ್ಬಿಣ) ಕಬ್ಬಿಣದ ಪುಡಿಯಿರಬಹುದು. ಅಂಟಲಿಲ್ಲವೆಂದು ಅದಿರು ಲಾರಿಗಳನ್ನು ಬಿಟ್ಟುಬಿಡಬೇಡಿ. ನಮ್ಮ ಕೆಂಪು ಅದಿರು, ಅಂದರೆ ಹೆಮಟೈಟ್, ಅಯಸ್ಕಾಂತಕ್ಕೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಇದು ಪುರಾವೆಯಲ್ಲ. ಯಾವ ಬಾಗಿಲು ತಟ್ಟಬೇಕೆಂಬ ಸುಳಿವು, ಅಷ್ಟೇ.

ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಗಾಳಿ ಮೀಟರ್ ಕೊಳ್ಳಬೇಡಿ. ಮಂಜು ಕವಿದ ಬೆಳಿಗ್ಗೆ ಅವು ನೀರಿನ ಹನಿಯನ್ನೂ ಧೂಳೆಂದೇ ಎಣಿಸುತ್ತವೆ. ಆ ಹಣಕ್ಕೆ ಮನೆಯವರಿಗೆ ಒಳ್ಳೆಯ ಮಾಸ್ಕ್ ತನ್ನಿ.

ಮೂರನೆಯದಾಗಿ, ಸರ್ಕಾರಿ ಅಂಕಿಗಳನ್ನು ಓದಲು ಕಲಿಯಿರಿ. ಸಿಬ್ಬಂದಿ ನಡೆಸುವ ಮಾಪನ ಕೇಂದ್ರಗಳಲ್ಲಿ ಮೊದಲೇ ತೂಗಿಟ್ಟ ಫಿಲ್ಟರ್ ಕಾಗದದ ಮೂಲಕ ಗಾಳಿ ಎಳೆದು, ಆಮೇಲೆ ಕಾಗದವನ್ನು ಮತ್ತೆ ತೂಗುತ್ತಾರೆ. ಇದು ವಾರಕ್ಕೆ 2 ದಿನ, ವರ್ಷಕ್ಕೆ 104 ದಿನ ನಡೆಯಬೇಕು. ನಿಮ್ಮ ಕೆಟ್ಟ ರಾತ್ರಿ ಮೂರನೆಯ ದಿನದ್ದಾಗಿದ್ದರೆ ಲೆಕ್ಕಕ್ಕೇ ಬರುವುದಿಲ್ಲ. ನೋಟ್‌ಬುಕ್ ಬೇಕಾಗುವುದು ಅದಕ್ಕೇ. ಪಿಎಂ10, ಅಂದರೆ 10 ಮೈಕ್ರೋಮೀಟರ್ ಹಾಗೂ ಅದಕ್ಕಿಂತ ಸಣ್ಣ ಧೂಳಿನ ಕಣಗಳಿಗೆ 24 ಗಂಟೆಯ ಮಿತಿ ಘನ ಮೀಟರ್‌ಗೆ 100 ಮೈಕ್ರೋಗ್ರಾಂ, ವಾರ್ಷಿಕ ಮಿತಿ 60. ಒಂದು ದಿನದ ಅಂಕಿಯನ್ನು 60ರ ಪಕ್ಕ ಇಟ್ಟು ಕೂಗಾಡಿದರೆ ಎದುರಿನ ಅಧಿಕಾರಿ ನಗುತ್ತಾರೆ.

ಇನ್ನು ಅರ್ಜಿ. ‘ಕ್ರಮ’ ಎಂಬ ಪದವನ್ನೇ ಬಿಡಿ, ಮಾಡಬಹುದಾದ ಕೆಲಸ ಕೇಳಿ: ಗುಡಿಸುವ ಮೊದಲು ನೀರು ಚಿಮುಕಿಸಬೇಕು, ಗುಡಿಸಿದ ಮಣ್ಣನ್ನು ರಸ್ತೆಯ ಅಂಚಿನಲ್ಲಿ ಗುಡ್ಡೆ ಹಾಕದೆ ಅಂದೇ ಸಾಗಿಸಬೇಕು. ಗುಡ್ಡೆ ಅಲ್ಲೇ ಉಳಿದರೆ ಮಧ್ಯಾಹ್ನದೊಳಗೆ ಲಾರಿಗಳು ಅದನ್ನು ಮತ್ತೆ ನಿಮ್ಮ ಪಡಸಾಲೆಗೆ ತರುತ್ತವೆ.

ವಾಟ್ಸ್ಆ್ಯಪ್‌ನಲ್ಲಿ ಫೋಟೊ ಕಳಿಸಿ ಕೈತೊಳೆದುಕೊಳ್ಳಬೇಡಿ, ಮೊಹರು ಬಿದ್ದ ಪ್ರತಿ ನಿಮ್ಮಲ್ಲಿರಲಿ. ತಿಂಗಳಾದರೂ ಸದ್ದಿಲ್ಲದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ, ಒಂದೇ ವಿಷಯ, 150 ಪದಗಳೊಳಗೆ, ಆ ದೂರಿನ ಸ್ಥಳ ಪರಿಶೀಲನೆಯ ವರದಿಯ ಪ್ರತಿ ಕೇಳಿ.