ಕಾಳುಮೆಣಸು ನೆಡುವ ಮುಂಚೆ ಬಳ್ಳಿಯ ಬುಡ ನೋಡಿ

ಕಾಳುಮೆಣಸು ಬೆಳೆಸಬೇಕು ಅಂದವರೆಲ್ಲ ಮೊದಲು ಕೇಳುವುದು ತಳಿ. ಪಣಿಯೂರು-1 ಒಳ್ಳೆಯದಾ, ಕರಿಮುಂಡನಾ ಅಂತ. ಬಿಸಿಲು ಚೆನ್ನಾಗಿ ಬೀಳುವ ಕಡೆ ಪಣಿಯೂರು, ನೆರಳು ಜಾಸ್ತಿ ಇದ್ದರೆ ಕರಿಮುಂಡ, ಅಷ್ಟೇ. ಬಳ್ಳಿಯ ಯಾವ ಭಾಗ ಕತ್ತರಿಸಿ ತರುತ್ತೀರಿ ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಚೆನ್ನಾಗಿ ಕಾಯಿ ಬಿಡುವ ಬಳ್ಳಿಯ ಬುಡದಲ್ಲಿ ನೆಲದ ಮೇಲೆ ಹರಿಯುವ ಹಂಬುಗಳಿರುತ್ತವೆ. ಅವು ಮಣ್ಣಿಗೆ ಬೇರು ಬಿಡದ ಹಾಗೆ ಒಂದು ಗೂಟಕ್ಕೆ ಸುತ್ತಿಡಿ. ಫೆಬ್ರುವರಿ-ಮಾರ್ಚ್‌ನಲ್ಲಿ ಕತ್ತರಿಸಿ, ಎಳೆ ತುದಿ ಮತ್ತು ಬಲಿತ ಬುಡ ಬಿಟ್ಟು, ನಡುವಿನದನ್ನು ಎರಡು-ಮೂರು ಗಿಣ್ಣಿನ ತುಂಡು ಮಾಡಿ. ಎಲೆ ಕತ್ತರಿಸಿ, ತೊಟ್ಟು ಮಾತ್ರ ಉಳಿಸಿ. ಒಂದು ಗಿಣ್ಣಾದರೂ ಮಣ್ಣೊಳಗೆ ಇರುವಂತೆ ಪಾಲಿಥಿನ್ ಚೀಲಕ್ಕೆ ಊರಿ ನೆರಳಲ್ಲಿಡಿ.

ಬೆಂಗಳೂರಿನ ಬಾಲ್ಕನಿಯವರಿಗೆ ಬೇರೆ ದಾರಿ ಇದೆ. ಕಾಯಿ ಬಿಡುವ ಪಕ್ಕದ ರೆಂಬೆಯನ್ನು ಬೇರು ಬರಿಸಿದರೆ ಅದು ಮರ ಹತ್ತುವುದಿಲ್ಲ, ಕುಂಡದಲ್ಲೇ ಪೊದೆಯಾಗುತ್ತದೆ. ಬೇರು ಬರುವುದು ನಿಧಾನ, ಹಾಗಾಗಿ ನರ್ಸರಿಯಿಂದ ಪೊದೆ ಮೆಣಸಿನ ಗಿಡವನ್ನೇ ತಂದುಬಿಡಿ.

ತೋಟದಲ್ಲಾದರೆ ಮಳೆ ಹಿಡಿದ ಮೇಲೆ, ಜೂನ್‌ನಲ್ಲಿ ನೆಡಿ. ಸಿಲ್ವರ್ ಓಕ್, ಹಾಲುವಾಣ, ಅಡಿಕೆ, ಬಳ್ಳಿ ಹತ್ತಲು ಇವುಗಳಲ್ಲಿ ಯಾವ ಮರವಾದರೂ ಸರಿ. ಮರದ ಉತ್ತರ ದಿಕ್ಕಿಗೆ, ಬುಡದಿಂದ ಒಂದಡಿ ದೂರದಲ್ಲಿ ಗುಂಡಿ ತೆಗೆದು ಮೇಲ್ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿ. ನೆಟ್ಟ ಮೇಲೆ ಬುಡದ ಮಣ್ಣು ಸ್ವಲ್ಪ ದಿಬ್ಬವಾಗಿಯೇ ಇರಲಿ, ನೀರು ನಿಂತರೆ ಬಳ್ಳಿ ಉಳಿಯುವುದಿಲ್ಲ. ಬಳ್ಳಿ ಬೆಳೆದಂತೆ ಮರಕ್ಕೆ ಸಡಿಲವಾಗಿ ಕಟ್ಟುತ್ತಾ ಹೋಗಿ.

ದೊಡ್ಡ ತಲೆನೋವು ಶೀಘ್ರ ಸೊರಗು ರೋಗ. ಮಳೆಗಾಲದಲ್ಲಿ ಎಲೆ ಮೇಲೆ ಕಪ್ಪು ಮಚ್ಚೆ ಕಾಣುತ್ತದೆ, ಆಮೇಲೆ ಎಲೆ, ಗೊಂಚಲು ಉದುರಿ ಎರಡು-ಮೂರು ವಾರದಲ್ಲಿ ಇಡೀ ಬಳ್ಳಿ ಹೋಗುತ್ತದೆ. ಅಷ್ಟು ಹೊತ್ತಿಗೆ ಔಷಧಿ ಹೊಡೆದು ಪ್ರಯೋಜನ ಇಲ್ಲ. ಮಳೆ ಶುರುವಾಗುವ ಮುಂಚೆ ಒಮ್ಮೆ, ಆಗಸ್ಟ್‌ನಲ್ಲಿ ಹೊಳವಾದಾಗ ಇನ್ನೊಮ್ಮೆ ಬೋರ್ಡೋ, ಅಂದರೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿದ ದ್ರಾವಣ, ಹೊಡೆಯಲೇಬೇಕು. ಒಂದು ಕೆಜಿ ಮೈಲುತುತ್ತ 50 ಲೀಟರ್ ನೀರಲ್ಲಿ, ಒಂದು ಕೆಜಿ ಸುಣ್ಣ ಇನ್ನೊಂದು 50 ಲೀಟರ್‌ನಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣಕ್ಕೆ ಸುರಿಯುತ್ತಾ ಕಲಕಿ. ಪ್ಲಾಸ್ಟಿಕ್ ಡ್ರಮ್ಮೇ ಇರಲಿ. ಕಬ್ಬಿಣದ ಚಾಕು ಅದ್ದಿ ನೋಡಿ, ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಅಂತ ಅರ್ಥ.

ಹೂ ಬಿಟ್ಟಾಗ ಜಿಟಿಜಿಟಿ ಮಳೆ ಬರುತ್ತಿರಬೇಕು. ಪರಾಗಸ್ಪರ್ಶಕ್ಕೆ ಮಳೆಹನಿಯ ನೆರವು ಬೇಕು, ನಡುವೆ ಬಿಸಿಲು ಕಾಯ್ದರೆ ಗೊಂಚಲಲ್ಲಿ ಕಾಳು ಅಲ್ಲಲ್ಲಿ ಖಾಲಿ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತ ಕರೆದರಲ್ಲ, ಆ ಕಡೆಯ ಮಳೆ ನೋಡಿದವರಿಗೆ ಅಲ್ಲಿ ಇಷ್ಟು ಮೆಣಸು ಹೇಗೆ ಬೆಳೆಯಿತು ಅಂತ ಹೇಳಬೇಕಾಗಿಲ್ಲ.

ಮೂರನೇ ವರ್ಷದಿಂದ ಫಸಲು. ಗೊಂಚಲಲ್ಲಿ ಒಂದೆರಡು ಕಾಳು ಕೆಂಪಾದ ಕೂಡಲೇ ಕೊಯ್ಯಿರಿ. ಕಾಳು ಬಿಡಿಸಿ, ಬುಟ್ಟಿಯಲ್ಲಿ ಹಾಕಿ ಕುದಿಯುವ ನೀರಲ್ಲಿ ಒಂದೇ ನಿಮಿಷ ಅದ್ದಿ ತೆಗೆದರೆ ಬೇಗ ಒಣಗುತ್ತದೆ, ಬಣ್ಣವೂ ಒಂದೇ ಸಮ ಕಪ್ಪು. ನೂರು ಕೆಜಿ ಹಸಿ ಕಾಳು ಒಣಗಿದರೆ ಸುಮಾರು 33 ಕೆಜಿ. ಬಿಳಿಮೆಣಸು ಬೇಕಿದ್ದರೆ ಪೂರ್ತಿ ಹಣ್ಣಾದ ಕಾಳನ್ನೇ ಆರಿಸಿ, ವಾರ-ಹತ್ತು ದಿನ ನೀರಲ್ಲಿ ನೆನೆಸಿ, ದಿನಾ ನೀರು ಬದಲಿಸಿ, ಸಿಪ್ಪೆ ಉಜ್ಜಿ ತೆಗೆದು ಒಣಗಿಸಿ. ವಾಸನೆ ಬರುತ್ತದೆ, ಅಡುಗೆಮನೆ ಪಕ್ಕ ಮಾತ್ರ ನೆನೆಹಾಕಬೇಡಿ.