ಸುಡೊಕು ಅರ್ಧಕ್ಕೇ ನಿಲ್ಲುತ್ತಿದೆಯಾ?

ಕಾಸರಗೋಡಿನಿಂದ ಮಂಗಳೂರಿಗೆ ದಿನಾ ರೈಲಿನಲ್ಲಿ ಹೋಗುವವರು ಈ ಗುಂಪಿನಲ್ಲಿ ಸುಮಾರು ಜನ ಇದ್ದೀರಿ, ಅಲ್ವಾ? ಪೇಪರಿನ ಸುಡೊಕು ಮುಗಿಯುವುದೇ ಇಲ್ಲ ಅನ್ನುವವರಿಗೆ ಇದು.

ಖಾಲಿ ಮನೆ ನೋಡುತ್ತಾ ಸುಮ್ನೆ ಕೂರಬೇಡಿ. ಅಂಕಿ ಹಿಡಿದು ಮನೆ ಹುಡುಕಿ. ಜಾಸ್ತಿ ಸಲ ಬಂದಿರುವ ಅಂಕಿಯಿಂದ ಶುರು ಮಾಡಿ, 7 ಅಂತಿಟ್ಟುಕೊಳ್ಳಿ. ಮೇಲಿನ ಮೂರು ಚೌಕಗಳಲ್ಲಿ (ಒಂಬತ್ತು ಮನೆಗಳ 3×3 ಚೌಕಗಳು) ಎರಡರಲ್ಲಿ 7 ಇದ್ದರೆ, ಆ ಎರಡು ಅಡ್ಡ ಸಾಲು ಮುಗಿಯಿತು. ಮೂರನೇ ಚೌಕದ 7 ಉಳಿದ ಸಾಲಿನಲ್ಲೇ ಬರಬೇಕು. ಅಂದರೆ ಮೂರೇ ಮನೆ. ಈಗ ಉದ್ದ ಸಾಲುಗಳಲ್ಲಿ 7 ಇದೆಯಾ ನೋಡಿ, ಇನ್ನೂ ಒಂದೆರಡು ಮನೆ ಹೋಗುತ್ತದೆ.

ಸಿಕ್ಕಿಬಿದ್ದರೆ, ಬರಬಹುದಾದ ಅಂಕಿಗಳನ್ನು ಮನೆಯ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಚಿಕ್ಕದಾಗಿ ಬರೆಯಿರಿ. ಒಂದೇ ಸಾಲಿನ ಎರಡು ಮನೆಗಳಲ್ಲಿ 2 ಮತ್ತು 5 ಮಾತ್ರ ಉಳಿದರೆ, ಆ ಸಾಲಿನ ಬೇರೆ ಮನೆಗಳಿಂದ ಅವೆರಡನ್ನೂ ಅಳಿಸಿ.

ಊಹೆ ಮಾತ್ರ ಬೇಡ. ಒಮ್ಮೆ ಕುಂಬಳೆಯಲ್ಲಿ ನಾನು ಊಹಿಸಿ ಬರೆದ 4, ಉಳ್ಳಾಲ ದಾಟುವಾಗ ಎಲ್ಲವನ್ನೂ ಕೆಡಿಸಿತ್ತು!

ಹಾಂ, ಕೊಟ್ಟ ಅಂಕಿ ಕಡಿಮೆ ಇದ್ದರೆ ಕಷ್ಟ ಅಂತೇನೂ ಇಲ್ಲ. ಆದರೆ 17ಕ್ಕಿಂತ ಕಡಿಮೆ ಇದ್ದರೆ ಒಂದೇ ಉತ್ತರ ಬರುವುದಿಲ್ಲ. 2012ರಲ್ಲಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ.