ತಿಂಗಳ ಸಿನಿಮಾಗಳಿಗೆ ರ‍್ಯಾಂಕ್ ಕೊಡೋದು ಹೇಗೆ: ಹನ್ನೊಂದು ಚೀಟಿ, ಒಂದು ಭಾನುವಾರ

ತಿಂಗಳ ಮೊದಲ ಭಾನುವಾರ, ತಿಂಡಿ ಆದ ಮೇಲೆ, ನಮ್ಮ ಮನೆಯ ಹಾಲ್‌ನಲ್ಲಿ ಫ್ಯಾನ್ ಆಫ್ ಮಾಡುತ್ತೇನೆ. ಕಿಟಕಿಯನ್ನೂ ಮುಚ್ಚುತ್ತೇನೆ. ರಾಜಾಜಿನಗರದ ಹಳೇ ಮನೆ, ರೆಡ್ ಆಕ್ಸೈಡ್ ನೆಲ. ಆ ನೆಲದ ಮೇಲೆ ಹಿಂದಿನ ತಿಂಗಳು ನೋಡಿದ ಸಿನಿಮಾಗಳ ಚೀಟಿ ಹರಡುತ್ತೇನೆ. ಒಂದು ಸಿನಿಮಾಕ್ಕೆ ಒಂದು ಚೀಟಿ. ಗಾಳಿಗೆ ಹಾರಿದರೆ ಎಲ್ಲ ಮೊದಲಿಂದ ಜೋಡಿಸಬೇಕು, ಅದಕ್ಕೇ ಫ್ಯಾನ್ ಬೇಡ. ಅಪ್ಪ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂರುತ್ತಾರೆ. ಊಟದ ಹೊತ್ತಿಗೆ ಪಟ್ಟಿ ತಯಾರು.

ನಾನು ಮಲ್ಲೇಶ್ವರದ ಒಂದು ಮೆಡಿಕಲ್ ಸ್ಟೋರ್‌ನಲ್ಲಿ ಫಾರ್ಮಸಿಸ್ಟ್. ಐದು ವರ್ಷದಿಂದ ಹೀಗೆ ಮಾಡುತ್ತಿದ್ದೇನೆ. ಅದಕ್ಕೆ ಮೊದಲು ಮೊಬೈಲ್ ಆಪ್‌ನಲ್ಲಿ ಸ್ಟಾರ್ ಕೊಡುತ್ತಿದ್ದೆ. ವರ್ಷದ ಕೊನೆಗೆ ತೆಗೆದು ನೋಡಿದರೆ ಮುಕ್ಕಾಲು ಪಾಲು ಸಿನಿಮಾಕ್ಕೆ ಮೂರೂವರೆ ಸ್ಟಾರ್. ಯಾಕೆ ಕೊಟ್ಟೆ ಅಂತ ಒಂದೂ ನೆನಪಿಲ್ಲ. ಸ್ಟಾರ್ ಎಷ್ಟು ಸಿನಿಮಾಕ್ಕೆ ಬೇಕಾದರೂ ಒಂದೇ ಥರ ಹಂಚಬಹುದು. ರ‍್ಯಾಂಕ್ ಹಾಗೆ ಬಿಡುವುದಿಲ್ಲ. ಒಂದನ್ನು ಮೇಲಿಡಬೇಕಾದರೆ ಇನ್ನೊಂದನ್ನು ಕೆಳಗಿಡಲೇಬೇಕು. ಕೆಳಗಿಡುವಾಗ ಮನಸ್ಸು "ಯಾಕೆ?" ಅಂತ ಕೇಳುತ್ತದೆ. ನನಗೆ ಬೇಕಾಗಿರುವುದು ಆ "ಯಾಕೆ"ಗೆ ಉತ್ತರ. ರ‍್ಯಾಂಕ್ ಕೊಡುವುದೇ ಅದನ್ನು ಹೊರಗೆ ತೆಗೆಯಲಿಕ್ಕೆ.

ಅದೇ ರಾತ್ರಿ ಬರೆಯಬೇಕಾದ್ದು

ಅಂಗಡಿಗೆ ಬರುವ ಮೆಡಿಕಲ್ ರೆಪ್‌ಗಳು ಅಂಗೈ ಅಗಲದ ಪ್ಯಾಡ್ ಕೊಟ್ಟು ಹೋಗುತ್ತಾರೆ. ನನ್ನ ಚೀಟಿಗಳೆಲ್ಲ ಅದರವೇ. ನೀವು ಯಾವ ಕಾಗದವನ್ನಾದರೂ ತಗೊಳ್ಳಿ, ಆದರೆ ಚಿಕ್ಕದಾಗಿರಲಿ. ಜಾಗ ಜಾಸ್ತಿ ಇದ್ದರೆ ಕಥೆ ಬರೆಯುವುದಕ್ಕೆ ಶುರು ಮಾಡುತ್ತೇವೆ. ಕಥೆ ಎಲ್ಲಿ ಬೇಕಾದರೂ ಸಿಗುತ್ತದೆ.

ಸಿನಿಮಾದ ಹೆಸರು, ಬಂದ ವರ್ಷ, ನೋಡಿದ ದಿನ ಬರೆಯಿರಿ. ಎಲ್ಲಿ ನೋಡಿದಿರಿ, ಯಾರ ಜೊತೆ ನೋಡಿದಿರಿ ಅಂತ ಬರೆಯಿರಿ. ಕಣ್ಣು ಮುಚ್ಚಿದಾಗ ಮೊದಲು ಬರುವ ದೃಶ್ಯ ಯಾವುದು? ಅದೊಂದನ್ನೇ ಬರೆಯಿರಿ. ಆಮೇಲೆ ಕೊನೆಯದು, ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದ್ದು: ಸಿನಿಮಾ ನೋಡುತ್ತಾ ಎಲ್ಲಿ ಟೈಮ್ ನೋಡಿದಿರಿ?

ಟೈಮ್ ನೋಡಿದ್ದನ್ನು ಯಾಕೆ ಬರೆಯಬೇಕು ಅಂದರೆ, ನೆನಪು ಅದನ್ನು ಉಳಿಸಿಕೊಳ್ಳುವುದಿಲ್ಲ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ವೈದ್ಯ ಡೊನಾಲ್ಡ್ ರೆಡೆಲ್‌ಮೇಯರ್ ಸೇರಿ 1996ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಕೊಲೊನೊಸ್ಕೋಪಿ (ದೊಡ್ಡ ಕರುಳಿನೊಳಗೆ ಕ್ಯಾಮೆರಾ ಇರುವ ನಳಿಕೆ ಹಾಕಿ ನೋಡುವ ಪರೀಕ್ಷೆ) ಮಾಡಿಸಿಕೊಳ್ಳುವ ರೋಗಿಗಳಿಂದ ನೋವು ಎಷ್ಟಿದೆ ಅಂತ ಆಗಾಗ ಗುರುತು ಹಾಕಿಸಿಕೊಂಡರು. ಎಲ್ಲ ಮುಗಿದ ಮೇಲೆ ಒಟ್ಟು ಎಷ್ಟು ನೋವಾಯಿತು ಅಂತ ಕೇಳಿದರು. ಅವರ ಉತ್ತರ ಎಷ್ಟು ಹೊತ್ತು ನೋವಿತ್ತು ಅನ್ನುವುದರ ಮೇಲೆ ನಿಂತಿರಲಿಲ್ಲ. ತುಂಬಾ ನೋವಾದ ಗಳಿಗೆ ಮತ್ತು ಕೊನೆಯ ಕೆಲವು ನಿಮಿಷ, ಇವೆರಡೇ ಹೆಚ್ಚಾಗಿ ಲೆಕ್ಕಕ್ಕೆ ಬಂದಿದ್ದವು. ಸಿನಿಮಾದಲ್ಲೂ ಇದೇ ಆಗುತ್ತದೆ ಅಂತ ನನ್ನ ಅನುಭವ. ಇಂಟರ್ವಲ್ ಆದ ಮೇಲೆ ಮುಕ್ಕಾಲು ಗಂಟೆ ಲ್ಯಾಗ್ ಆಗಿರುತ್ತದೆ. ಕ್ಲೈಮ್ಯಾಕ್ಸ್ ಜೋರಾಗಿದ್ದರೆ ಅದೆಲ್ಲ ಮರೆತೇ ಹೋಗುತ್ತದೆ. ಚೀಟಿಯಲ್ಲಿ "ಮೂರು ಸಲ ಟೈಮ್ ನೋಡಿದೆ" ಅಂತ ಇದ್ದರೆ ಮರೆಯುವ ಹಾಗಿಲ್ಲ.

ಆ ರಾತ್ರಿ ನಂಬರ್ ಮಾತ್ರ ಹಾಕಬೇಡಿ.

ಎಲ್ಲಿ ನೋಡಿದೆ ಅನ್ನುವುದನ್ನು ಬಿಡಬೇಡಿ

ಇದನ್ನು ನಾನು ಒಂದು ತಪ್ಪಿನಿಂದ ಕಲಿತೆ. ಒಂದು ಸಲ ಬನಶಂಕರಿಯ ಅಕ್ಕನ ಮನೆಗೆ ಹೋಗುವಾಗ ಬಸ್ಸಿನಲ್ಲಿ "ಘಟಶ್ರಾದ್ಧ" ನೋಡಿದೆ. 1977ರ ಸಿನಿಮಾ, ಗಿರೀಶ ಕಾಸರವಳ್ಳಿ ಅವರ ಮೊದಲನೆಯದು. ಕಪ್ಪು-ಬಿಳುಪು. ಮಧ್ಯಾಹ್ನದ ಬಿಸಿಲು, ಕಿಟಕಿ ಪಕ್ಕದ ಸೀಟು. ಕತ್ತಲಿನ ದೃಶ್ಯ ಬಂದಾಗಲೆಲ್ಲ ಮೊಬೈಲ್ ಪರದೆಯಲ್ಲಿ ನನ್ನ ಮುಖವೇ ಕಾಣುತ್ತಿತ್ತು. ಆ ತಿಂಗಳು ಅದು ಒಂಬತ್ತನೇ ಸ್ಥಾನಕ್ಕೆ ಹೋಯಿತು. "ನಿಧಾನ" ಅಂತ ಕಾರಣ ಬರೆದೆ.

ಆಮೇಲೆ ಗೊತ್ತಾಯಿತು, ಆ ಸಿನಿಮಾದ ಹಳೇ ಪ್ರತಿಯನ್ನು ಮತ್ತೆ ಚೊಕ್ಕ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ್ದಾರೆ. ಯಾರೋ ಅಷ್ಟು ಜೋಪಾನ ಮಾಡಿದ ಸಿನಿಮಾವನ್ನು ನಾನು ಬಿಸಿಲಿನಲ್ಲಿ ನೋಡಿ ನಿಧಾನ ಅಂದೆನಲ್ಲಾ ಅಂತ ಬೇಜಾರಾಯಿತು. ಒಂದು ರಾತ್ರಿ ಹಾಲ್‌ನ ಲೈಟ್ ಆರಿಸಿ ಟಿವಿಯಲ್ಲಿ ನೋಡಿದೆ. ಅದರಲ್ಲಿ ಒಬ್ಬ ಪುಟ್ಟ ಹುಡುಗ ಇದ್ದಾನೆ, ಅವನ ಕಣ್ಣಲ್ಲೇ ನಾವೂ ಎಲ್ಲ ನೋಡುತ್ತೇವೆ. ಅವನಿಗೆ ಅರ್ಥವಾಗದ್ದು ನಮಗೆ ಅರ್ಥವಾಗುತ್ತಾ ಹೋಗುತ್ತದೆ, ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಆ ರಾತ್ರಿಯ ಚೀಟಿ ಆ ತಿಂಗಳ ಒಂದನೇ ಸ್ಥಾನಕ್ಕೆ ಬಂತು.

ಅವತ್ತಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ. ನೋಡಿದ ಪರಿಸ್ಥಿತಿ ಸರಿ ಇರಲಿಲ್ಲ ಅಂದರೆ ಚೀಟಿಯ ಮೂಲೆಯಲ್ಲಿ ಒಂದು ಸೊನ್ನೆ ಹಾಕುತ್ತೇನೆ. ಸೊನ್ನೆ ಇರುವ ಚೀಟಿಗೆ ರ‍್ಯಾಂಕ್ ಇಲ್ಲ, ಮತ್ತೆ ನೋಡುವವರೆಗೆ ಅದು ಕಾಯಬೇಕು. ಹೋದ ವರ್ಷ ಒಂದು ಥಿಯೇಟರ್‌ನಲ್ಲಿ ಎಡಗಡೆಯ ಸ್ಪೀಕರ್ ಕೆಲಸ ಮಾಡುತ್ತಿರಲಿಲ್ಲ, ಅರ್ಧ ಡೈಲಾಗ್ ಕೇಳಿಸಲಿಲ್ಲ. ಆ ಚೀಟಿಯಲ್ಲಿ ಈಗಲೂ ಸೊನ್ನೆ ಇದೆ. ತಲೆನೋವು, ಜಗಳ, ಹಸಿವು ಇದ್ದರೂ ಅಷ್ಟೇ.

ಪಟ್ಟಿ ಮಾಡುವ ದಿನ

ನನ್ನ ಸಿನಿಮಾ ತಿಂಗಳು 25ಕ್ಕೆ ಮುಗಿಯುತ್ತದೆ. ಆಮೇಲೆ ನೋಡಿದ್ದು ಮುಂದಿನ ತಿಂಗಳಿಗೆ. ನಿನ್ನೆ ನೋಡಿದ ಸಿನಿಮಾ ಯಾವಾಗಲೂ ದೊಡ್ಡದಾಗಿ ಕಾಣುತ್ತದೆ, ಅಲ್ವಾ? ಮೊದಲ ಭಾನುವಾರದ ಹೊತ್ತಿಗೆ ಕೊನೆಯ ಸಿನಿಮಾಕ್ಕೂ ಕೆಲವು ದಿನ ಆಗಿರುತ್ತದೆ. ಬಿಸಿ ಆರಿರುತ್ತದೆ.

ಎಲ್ಲ ಚೀಟಿಯನ್ನೂ ಒಟ್ಟಿಗೆ ನೋಡಿ ಜೋಡಿಸಲು ಹೋದರೆ ತಲೆ ಕೆಡುತ್ತದೆ. ಯಾವಾಗಲೂ ಎರಡೇ ಎರಡನ್ನು ಹೋಲಿಸಿ. ಜೂನ್‌ನಲ್ಲಿ ನನ್ನ ಹತ್ತಿರ ಹನ್ನೊಂದು ಚೀಟಿ ಇದ್ದವು. ಪ್ರತಿಯೊಂದನ್ನೂ ಪ್ರತಿಯೊಂದರ ಜೊತೆ ಹೋಲಿಸಿದರೆ 55 ಹೋಲಿಕೆ ಆಗುತ್ತದೆ. ಅಷ್ಟು ಬೇಕಿಲ್ಲ. ಮೊದಲು ಎರಡು ಚೀಟಿ ಇಡಿ, ಮೇಲೊಂದು ಕೆಳಗೊಂದು. ಆಮೇಲೆ ಬರುವ ಪ್ರತಿ ಚೀಟಿಯನ್ನೂ ಸಾಲಿನ ಮಧ್ಯದ ಚೀಟಿಯ ಜೊತೆ ಹೋಲಿಸಿ. ಅದಕ್ಕಿಂತ ಮೇಲಾದರೆ ಮೇಲಿನ ಅರ್ಧದ ಮಧ್ಯದ್ದರ ಜೊತೆ, ಕೆಳಗಾದರೆ ಕೆಳಗಿನ ಅರ್ಧದ ಮಧ್ಯದ್ದರ ಜೊತೆ. ಸಾಲಿನಲ್ಲಿ ಏಳು ಚೀಟಿ ಇದ್ದರೆ ಮೂರೇ ಹೋಲಿಕೆಗೆ ಎಂಟನೆಯದರ ಜಾಗ ಸಿಕ್ಕಿಬಿಡುತ್ತದೆ. ಹನ್ನೊಂದಕ್ಕೂ ಸೇರಿ ಹೆಚ್ಚೆಂದರೆ 29.

ಹೋಲಿಸುವಾಗ ಕೇಳುವ ಪ್ರಶ್ನೆ ಮುಖ್ಯ. "ಯಾವುದು ಚೆನ್ನಾಗಿದೆ?" ಅಂತ ಕೇಳಬೇಡಿ, ಉತ್ತರ ಸಿಗುವುದಿಲ್ಲ. "ಯಾವುದನ್ನು ಮತ್ತೆ ನೋಡುತ್ತೀನಿ?" ಅಂತ ಕೆಲವು ತಿಂಗಳು ಕೇಳಿದೆ. ಆಗ ನಗಿಸುವ ಸಿನಿಮಾಗಳೇ ಮೇಲೆ ಬಂದವು. ದಣಿದು ಮನೆಗೆ ಬಂದವರಿಗೆ ಮತ್ತೆ ನೋಡಲು ಅದೇ ಬೇಕು, ಸಹಜ. ಈಗ ನಾನು ಕೇಳುವುದು ಇದು: "ಈ ಎರಡರಲ್ಲಿ ಯಾವುದನ್ನು ನೋಡದೇ ಇದ್ದಿದ್ದರೆ ನನಗೆ ಜಾಸ್ತಿ ನಷ್ಟ ಆಗುತ್ತಿತ್ತು?"

ಜೂನ್‌ನಲ್ಲಿ ಕೊನೆಗೆ ಉಳಿದಿದ್ದು "ಮಿಂಚಿನ ಓಟ" ಮತ್ತು "ಇಕಿರು". ಮೊದಲನೆಯದು 1980ರ ಶಂಕರ್‌ನಾಗ್ ಸಿನಿಮಾ. ಜೈಲಿಂದ ತಪ್ಪಿಸಿಕೊಳ್ಳುವ ಕಾರು ಕಳ್ಳರ ಕಥೆ. ನನ್ನ ಚೀಟಿಯಲ್ಲಿ "ಟೈಮ್ ನೋಡಲಿಲ್ಲ" ಅಂತಿತ್ತು. "ಇಕಿರು" 1952ರ ಜಪಾನಿ ಸಿನಿಮಾ, ಅಕಿರಾ ಕುರೋಸಾವಾ ಮಾಡಿದ್ದು. ತಾನು ಸಾಯುವುದು ಗೊತ್ತಾದ ನಗರಸಭೆಯ ಒಬ್ಬ ಮುದುಕ ಅಧಿಕಾರಿಯ ಕಥೆ. ಎರಡು ಗಂಟೆ ಇಪ್ಪತ್ಮೂರು ನಿಮಿಷ. ಅದರಲ್ಲಿ ಎರಡು ಸಲ ಟೈಮ್ ನೋಡಿದ್ದೆ. ಆದರೂ ಕೈ "ಇಕಿರು" ಚೀಟಿಯನ್ನೇ ಮೇಲಕ್ಕೆ ತಳ್ಳುತ್ತಿತ್ತು. ಯಾಕೆ?

ಕಾರಣವನ್ನು ಚೀಟಿಯ ಹಿಂದೆ ಬರೆಯುತ್ತೇನೆ. ಮೊದಲು ಬರೆದಿದ್ದು: "ಅಳು ಬಂತು." ಇಂಥ ಕಾರಣ ಸಾಲದು. ಅಳು ಬರಿಸುವ ಸಿನಿಮಾ ಬೇಕಾದಷ್ಟಿವೆ. ಎಲ್ಲಿ ಬಂತು, ಯಾವ ದೃಶ್ಯಕ್ಕೆ ಅಂತ ಇನ್ನೊಂದು ಸಲ ಕೇಳಿಕೊಳ್ಳಬೇಕು. ಎಲ್ಲರೂ ಹೇಳುವುದು ಹಿಮ ಬೀಳುವಾಗ ಆ ಮುದುಕ ಉಯ್ಯಾಲೆಯಲ್ಲಿ ಕೂತಿರುವ ದೃಶ್ಯ. ನನ್ನ ಚೀಟಿಯಲ್ಲಿ ಇದ್ದಿದ್ದು ಅದಲ್ಲ. ಶುರುವಿನಲ್ಲಿ ಆಸ್ಪತ್ರೆಯಲ್ಲಿ ಆ ಮುದುಕ ಕಾಯುತ್ತಾ ಕೂತಿರುತ್ತಾನೆ. ಪಕ್ಕದಲ್ಲಿ ಕೂತ ಇನ್ನೊಬ್ಬ ರೋಗಿ ಸುಮ್ನೆ ಮಾತಿಗೆ ಶುರು ಮಾಡುತ್ತಾನೆ. ಹೊಟ್ಟೆಯ ಕ್ಯಾನ್ಸರ್ ಇದ್ದರೆ ಡಾಕ್ಟರು ನಿಜ ಹೇಳುವುದಿಲ್ಲ, ಸಣ್ಣ ಹುಣ್ಣು ಅಷ್ಟೇ ಅಂತಾರೆ ಅನ್ನುತ್ತಾನೆ. ಒಳಗೆ ಹೋದರೆ ಡಾಕ್ಟರು ಹೇಳುವುದೂ ಅದನ್ನೇ.

ನನ್ನ ಕೌಂಟರ್‌ಗೆ ಇಂಥವರು ಬರುತ್ತಾರೆ. ಮಗನೋ ಸೊಸೆಯೋ ಡಾಕ್ಟರ ಔಷಧಿ ಚೀಟಿ ಕೊಟ್ಟು ಕಳಿಸಿರುತ್ತಾರೆ. ನಾನು ಮಾತ್ರೆಯ ಸ್ಟ್ರಿಪ್ ಕತ್ತರಿಸಿ, ಕವರ್‌ಗೆ ಹಾಕಿ, ಮೇಲೆ ಬೆಳಗ್ಗೆ-ರಾತ್ರಿ ಅಂತ ಬರೆಯುತ್ತೇನೆ. ಅವರು ದುಡ್ಡು ಎಣಿಸಿ ಕೊಟ್ಟು, ಹೋಗದೇ ನಿಂತು, ಸಣ್ಣ ದನಿಯಲ್ಲಿ ಕೇಳುತ್ತಾರೆ: "ಇದು ಯಾತಕ್ಕಮ್ಮಾ ಮಾತ್ರೆ?" ನಾನು ಎಷ್ಟೋ ಸಲ "ಡಾಕ್ಟರನ್ನೇ ಕೇಳಿ" ಅಂದಿದ್ದೇನೆ. ಅದು ಸರಿಯಾದ ಉತ್ತರವೇ. ಆದರೆ ಆ ಉತ್ತರ ಕೇಳಿಸಿಕೊಂಡವರ ಮುಖವನ್ನು ನಾನು ಸರಿಯಾಗಿ ನೋಡಿದ್ದು ಆ ಸಿನಿಮಾದಲ್ಲಿ. ಇದು ಚೀಟಿಯ ಹಿಂದೆ ಬರೆಯಬೇಕಾಗಿದ್ದ ಕಾರಣ. ಈಗ ಅದೇ ಅಲ್ಲಿದೆ.

ಅಪ್ಪ ಆ ಸಿನಿಮಾ ನೋಡಿರಲಿಲ್ಲ, ಇಂಗ್ಲಿಷ್ ಸಬ್‌ಟೈಟಲ್ ಓದುವುದು ಅವರಿಗೆ ಕಷ್ಟ. ಕಥೆ ಹೇಳು ಅಂದರು. ಹೇಳಿದೆ. ಕೊಳಚೆ ನೀರು ನಿಂತ ಜಾಗದಲ್ಲಿ ಮಕ್ಕಳಿಗೆ ಪಾರ್ಕ್ ಮಾಡಿಕೊಡಿ ಅಂತ ಹೆಂಗಸರು ಅರ್ಜಿ ಹಿಡಿದು ಟೇಬಲ್‌ನಿಂದ ಟೇಬಲ್‌ಗೆ ಅಲೆಯುವುದು, ಸಾಯುವುದು ಗೊತ್ತಾದ ಮೇಲೆ ಈ ಮುದುಕ ಆ ಫೈಲ್ ಹಿಡಿದು ಹಟಕ್ಕೆ ಬೀಳುವುದು, ಎಲ್ಲ. ಅಪ್ಪ ಮದ್ದೂರು ಕಡೆಯವರು. ಕೇಳಿದ್ದು ಒಂದೇ.

"ಪಾರ್ಕು ಆಯ್ತಾ ಕೊನ್ಗೆ?"

"ಆಯ್ತು ಅಪ್ಪ."

"ಹಂಗಾರೆ ಮ್ಯಾಲೆ ಮಡಗವ್ವ."

ಸಮ ಬಂದರೆ? ಟೈಮ್ ನೋಡಿದ ಸಾಲು ಓದಿ, ಕಡಿಮೆ ಸಲ ನೋಡಿದ್ದು ಮೇಲೆ. ಅರ್ಧಕ್ಕೆ ಬಿಟ್ಟ ಸಿನಿಮಾಕ್ಕೆ ಚೀಟಿ ಬೇಕು, ರ‍್ಯಾಂಕ್ ಬೇಡ. ಮೊದಲೇ ನೋಡಿದ್ದನ್ನು ಮತ್ತೆ ನೋಡಿದರೆ ಹಳೇ ಚೀಟಿಯನ್ನು ಪಟ್ಟಿ ಮುಗಿಯುವವರೆಗೆ ತೆಗೆದು ನೋಡಬೇಡಿ.

ಜೊತೆಗೊಬ್ಬರು ಇದ್ದರೆ

ಒಬ್ಬರೇ ಮಾಡಬಹುದು. ಆದರೆ ಒಪ್ಪದವರು ಒಬ್ಬರು ಎದುರಿಗಿದ್ದರೆ ಕಾರಣ ಬೇಗ ಹೊರಗೆ ಬರುತ್ತದೆ. ಅಪ್ಪನಿಗೆ ಅಳತೆಗೋಲು "ಬಂಗಾರದ ಮನುಷ್ಯ". 1972ರಲ್ಲಿ ಅದು ಕೆ.ಜಿ. ರಸ್ತೆಯ ಸ್ಟೇಟ್ಸ್ ಟಾಕೀಸ್‌ನಲ್ಲಿ ಬಂದು ಎರಡು ವರ್ಷ ಓಡಿತು. ಮಿಲ್ ಕೆಲಸ ಮುಗಿಸಿ ಎಷ್ಟು ಸಲ ನೋಡಿದರೋ ಅವರಿಗೇ ಲೆಕ್ಕವಿಲ್ಲ. ನಾನು ಯಾವುದನ್ನು ಮೇಲಿಟ್ಟರೂ "ಅಷ್ಟಿಲ್ಲ ಕಣವ್ವ" ಅನ್ನುತ್ತಾರೆ. "ತಿಥಿ" ಒಂದಕ್ಕೆ ಹಾಗೆ ಅನ್ನಲಿಲ್ಲ. ಮಂಡ್ಯ ಕಡೆಯ ಹಳ್ಳಿಯ ಜನರೇ ನಟಿಸಿದ ಸಿನಿಮಾ. ಗಡ್ಡಪ್ಪ ಯಾವುದಕ್ಕೂ ತಲೆ ಕೆಡಿಸಿಕೊಳ್ಳದೆ ನಡೆಯುತ್ತಾ ಹೋಗುವುದನ್ನು ನೋಡಿ, "ನಮ್ಮ ದೊಡ್ಡಪ್ಪನೂ ಹಿಂಗೇ ಇದ್ದ" ಅಂದರು. ಚೀಟಿಯ ಹಿಂದೆ ಅಪ್ಪನ ಮಾತನ್ನೇ ಬರೆದಿದ್ದೇನೆ. ಜೊತೆಗಿರುವವರ ಮಾತು ಬಂದರೆ ಅವರ ಮಾತಲ್ಲೇ ಬರೆಯಿರಿ, ತಿದ್ದಬೇಡಿ.

ಪಟ್ಟಿ ಆದ ಮೇಲೆ

ಚೀಟಿಗಳನ್ನು ಎತ್ತುವ ಮೊದಲು ಹತ್ತು ನಿಮಿಷ ಸುಮ್ನೆ ಇಡೀ ಸಾಲು ನೋಡಿ. ಮೇಲಿನ ಮೂರರಲ್ಲಿ ಏನಾದರೂ ಒಂದೇ ಥರ ಇದೆಯಾ? ಕೆಳಗಿನ ಮೂರರಲ್ಲಿ? ನನಗೆ ಜೂನ್‌ನಲ್ಲಿ ಕಂಡಿದ್ದು ಎರಡು ವಿಷಯ. ಕೆಳಗಿನ ಮೂರನ್ನೂ ರಾತ್ರಿ ಹತ್ತೂವರೆ ಮೇಲೆ ಶುರು ಮಾಡಿದ್ದೆ. ಹಾಗಾಗಿ ಈಗ ಒಂಬತ್ತಕ್ಕೆ ಮುಂಚೆ ಶುರು ಮಾಡಲು ಆಗದಿದ್ದರೆ ನೋಡುವುದಿಲ್ಲ. ಇನ್ನೊಂದು, ಹನ್ನೊಂದರಲ್ಲಿ ಒಂದನ್ನೂ ಹೆಂಗಸರು ನಿರ್ದೇಶಿಸಿರಲಿಲ್ಲ. ಐದು ವರ್ಷ ಚೀಟಿ ಬರೆದರೂ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಸಾಲನ್ನು ಫೋಟೋ ತೆಗೆದು, ಚೀಟಿಗಳಿಗೆ ರಬ್ಬರ್ ಬ್ಯಾಂಡ್ ಹಾಕಿ, ಮೇಲೆ ತಿಂಗಳ ಹೆಸರು ಬರೆದು ಡಬ್ಬಕ್ಕೆ ಹಾಕಿ. ಹಳೇ ನಂಬರ್ ಅಳಿಸಬೇಡಿ. ಮನಸ್ಸು ಬದಲಾದರೆ ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ಹೊಸ ನಂಬರ್, ತಾರೀಖು. ಬ್ರಿಟನ್ನಿನ "ಸೈಟ್ ಅಂಡ್ ಸೌಂಡ್" ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರನ್ನು ಕೇಳಿ ಅತ್ಯುತ್ತಮ ಸಿನಿಮಾಗಳ ಪಟ್ಟಿ ಮಾಡುತ್ತದೆ. 1962ರಿಂದ 2002ರವರೆಗೆ ಐದು ಸಲವೂ "ಸಿಟಿಜನ್ ಕೇನ್" ಒಂದನೇ ಸ್ಥಾನದಲ್ಲಿತ್ತು. 2012ರಲ್ಲಿ "ವರ್ಟಿಗೋ" ಬಂತು. 2022ರಲ್ಲಿ ಶಾಂತಾಲ್ ಅಕರ್ಮನ್ ಅವರ "ಜಾನ್ ಡೀಲ್‌ಮನ್" ಬಂತು, ಒಬ್ಬ ಮಹಿಳೆಯ ಸಿನಿಮಾ ಮೊದಲ ಸಲ ಅಲ್ಲಿಗೆ ಏರಿತು. ಹಳೇ ಪಟ್ಟಿಗಳನ್ನು ಅವರು ಇಟ್ಟುಕೊಂಡಿದ್ದರಿಂದಲೇ ನಮಗೆ ಈ ಬದಲಾವಣೆ ಕಾಣುತ್ತದೆ.

ಜೂನ್ ಸಾಲು ನೋಡಿ ಎದ್ದವಳು ಅವತ್ತೇ ಜುಲೈಗೆ ಎರಡು ಹೆಸರು ಬರೆದಿಟ್ಟೆ: ಪ್ರೇಮಾ ಕಾರಂತರ "ಫಣಿಯಮ್ಮ", ಕವಿತಾ ಲಂಕೇಶ್ ಅವರ "ದೇವೀರಿ". "ಫಣಿಯಮ್ಮ" ನೋಡಿಯಾಯಿತು. ಚೀಟಿ ಫ್ರಿಜ್ ಮೇಲಿದೆ. 1983. ಶನಿವಾರ, ಮನೆಯಲ್ಲಿ, ಅಪ್ಪ ಮತ್ತು ಪಕ್ಕದ ಮನೆಯ ಅಜ್ಜಿ ಜೊತೆ. ಟೈಮ್: ನೋಡಲಿಲ್ಲ. ದೃಶ್ಯ ಅನ್ನುವ ಜಾಗ ಇನ್ನೂ ಖಾಲಿ ಇದೆ, ಮೂರು ಬರುತ್ತಿವೆ, ಒಂದನ್ನು ಆರಿಸಬೇಕು.